ಮೊದಲ ಪಿಸ್ತೂಲು: ನೆಲ ಡೊಂಕಿರಬಾರದು

ಒಂದು ಲೀಟರಿನ ಬಾಟಲಿಗೆ ನೀರು ತುಂಬಿ ಒಂದೇ ಕೈಯಲ್ಲಿ ಹಿಡಿಯಿರಿ. ತೋಳನ್ನು ಭುಜದ ಮಟ್ಟಕ್ಕೆ ನೆಟ್ಟಗೆ ಚಾಚಿ, ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖನ್ನೇ ನೋಡುತ್ತ ಹತ್ತು ಸೆಕೆಂಡ್ ನಿಲ್ಲಿ. ಇಳಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ ಎತ್ತಿ. ಹತ್ತನೇ ಸಲಕ್ಕೆ ಭುಜ ದೂರು ಹೇಳತೊಡಗುತ್ತದೆ. ಇಪ್ಪತ್ತನೇ ಸಲಕ್ಕೆ ಬಾಟಲಿಯ ಮೂತಿ ಮನಸ್ಸು ಬಂದತ್ತ ಅಲೆಯುತ್ತದೆ. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಗೆ ನಿಲ್ಲುವವರು ಹೆಚ್ಚುಕಡಿಮೆ ಇಷ್ಟೇ ತೂಕವನ್ನು 75 ನಿಮಿಷದೊಳಗೆ 60 ಸಲ ಎತ್ತಿ ಹೊಡೆಯಬೇಕು. ಎತ್ತಿ, ಮನಸ್ಸು ಒಪ್ಪದೆ, ಹೊಡೆಯದೇ ಇಳಿಸಿದ್ದು ಲೆಕ್ಕಕ್ಕಿಲ್ಲ. ಎದುರಿನ ಗುರಿಯ ನಡುವೆ ಇರುವ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಅಂಗಿಯ ಗುಂಡಿಯಷ್ಟು.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಜುಲೈ 28ರಂದು ಮನು ಭಾಕರ್ ಈ ಸ್ಪರ್ಧೆಯ ಕಂಚು ಗೆದ್ದರು. ಎರಡು ದಿನ ಕಳೆದು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ಬಂತು. ನಮ್ಮ ರಾಜ್ಯಕ್ಕೂ ಈ ಆಟ ಹೊಸದಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು ಗೆದ್ದಿದ್ದರು. 2016ರ ರಿಯೊ ಒಲಿಂಪಿಕ್ಸ್‌ಗೂ ಹೋಗಿಬಂದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸರಬ್ಜೋತ್ ಜೊತೆ ಬೆಳ್ಳಿ ತಂದರು. ಟಿ.ವಿ.ಯಲ್ಲಿ ಇವರನ್ನೆಲ್ಲ ನೋಡಿದ ಮಕ್ಕಳು ಅಪ್ಪ–ಅಮ್ಮನ ಕೈ ಹಿಡಿದು ಶೂಟಿಂಗ್ ರೇಂಜಿನ ಬಾಗಿಲಿಗೆ ಬರುತ್ತಾರೆ. ಬಂದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವ ಪಿಸ್ತೂಲು ತಗೊಳ್ಳೋದು ಸರ್?’

ಪ್ರಶ್ನೆ ಸಹಜವಾದದ್ದು. ಆದರೆ ಅದಕ್ಕೆ ಒಂದು ಕಂಪನಿಯ ಹೆಸರು ಹೇಳಿ ಮುಗಿಸಿಬಿಟ್ಟರೆ ಕಲಿಯುವವರಿಗೆ ಅನ್ಯಾಯ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವು ನೆಪ ಹೇಳುವವರನ್ನು ಚುಚ್ಚಲು ಬಳಸುತ್ತೇವೆ. ಕಲಿಕೆಯ ಮೊದಲ ದಿನಗಳಲ್ಲಿ ನೆಲ ನಿಜಕ್ಕೂ ಡೊಂಕಿದ್ದರೆ? ಆಗ ಕುಣಿಯುವವಳಿಗೆ ತನ್ನ ಹೆಜ್ಜೆ ತಪ್ಪಿದ್ದೋ ನೆಲ ತಪ್ಪಿಸಿದ್ದೋ ಗೊತ್ತಾಗುವುದೇ ಇಲ್ಲ. ಹೊಸಬರ ಪಿಸ್ತೂಲಿಗೆ ಇರಬೇಕಾದ ದೊಡ್ಡ ಗುಣ ಇದೊಂದೇ: ಗುಂಡು ತಪ್ಪಿದಾಗ ಅದು ತನ್ನ ತಪ್ಪಲ್ಲ, ಹೊಡೆದವರದೇ ತಪ್ಪು ಎಂದು ಖಚಿತವಾಗಿ ಹೇಳುವಂತಿರಬೇಕು. ಸಣ್ಣ ಕ್ಯಾಲಿಬರ್ ಏಕೆ, ಗಾಳಿ ಏಕೆ, ಹಿಡಿಕೆ ಹೇಗಿರಬೇಕು, ಟ್ರಿಗರ್ ಎಷ್ಟು ತೂಗಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹೊರಡುವುದು ಈ ಮಾತಿನಿಂದಲೇ.

ಮೊದಲು ಕಾನೂನು

ನಮ್ಮಲ್ಲಿ ಪಿಸ್ತೂಲು ಅಂಗಡಿಗೆ ಹೋಗಿ ಆರಿಸಿ ತರುವ ವಸ್ತುವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದಿನಿಂದ ಗುಂಡು ಹಾರಿಸುವ ಆಯುಧಕ್ಕೆ ಲೈಸೆನ್ಸ್ ಬೇಕು. ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು. ತರಬೇತಿಯ ಸಲುವಾಗಿ, ನಿಗದಿತ ಷರತ್ತುಗಳೊಳಗೆ, ಕಿರಿಯರು ಆಯುಧ ಬಳಸಲು ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಅದು ರೇಂಜಿನಲ್ಲಿ, ಹೊಣೆ ಹೊತ್ತವರ ಕಣ್ಣೆದುರಿನಲ್ಲಿ ನಡೆಯಬೇಕು.

ಗಾಳಿಯ ಆಯುಧಗಳ ಮಾತು ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಇಲ್ಲಿ ಎರಡು ಗೆರೆ ಎಳೆದಿವೆ: ನಳಿಗೆಯ ವ್ಯಾಸ 4.5 ಮಿ.ಮೀ. ಮೀರಬಾರದು, ಪೆಲೆಟ್ ನಳಿಗೆಯಿಂದ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರಬಾರದು. ಈ ಎರಡರೊಳಗಿದ್ದರೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲುಗಳೆಲ್ಲ 4.5 ಮಿ.ಮೀ.ನವೇ, ಅಂದರೆ .177 ಕ್ಯಾಲಿಬರ್. ಅವುಗಳ ಶಕ್ತಿ ಐದಾರು ಜೂಲ್ ಅಷ್ಟೇ.

ಇಲ್ಲೊಂದು ಗೊಂದಲವಿದೆ, ಹೊಸಬರು ಗಮನಿಸಬೇಕು. ‘ಪಾಯಿಂಟ್ ಟೂ ಟೂ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಓಡಾಡುತ್ತವೆ. ಒಂದು, ಮದ್ದು ತುಂಬಿದ .22 ತೋಟಾ ಹಾರಿಸುವ ಪಿಸ್ತೂಲು. ಇನ್ನೊಂದು, 5.5 ಮಿ.ಮೀ. ಪೆಲೆಟ್ ಹಾರಿಸುವ ಏರ್ ಗನ್. ಎರಡನೆಯದೂ ಗಾಳಿಯದೇ ಆದರೂ ವ್ಯಾಸ 4.5 ಮೀರಿದ್ದರಿಂದ ಲೈಸೆನ್ಸಿನ ವ್ಯಾಪ್ತಿಗೆ ಬೀಳುತ್ತದೆ. 10 ಮೀಟರ್ ಸ್ಪರ್ಧೆಯಲ್ಲಿ ಅದನ್ನು ಬಳಸುವಂತೆಯೂ ಇಲ್ಲ. ‘ಸ್ವಲ್ಪ ದೊಡ್ಡ ಪೆಲೆಟ್, ಜೋರಾಗಿ ಹೊಡೆಯುತ್ತೆ’ ಎಂಬ ಮಾತಿಗೆ ಮರುಳಾದರೆ ಕಾನೂನಿಗೂ ಸಲ್ಲದ, ಆಟಕ್ಕೂ ಸಲ್ಲದ ವಸ್ತು ಮನೆ ಸೇರುತ್ತದೆ.

ಸಣ್ಣದರಿಂದಲೇ ಶುರು ಏಕೆ

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ದೊಡ್ಡ ಕೋವಿಯನ್ನು ಮೊದಲ ಸಲ ಹಿಡಿದವರು ಸದ್ದಿಗೂ ಒದೆತಕ್ಕೂ ಹೆದರಿ, ಗುಂಡು ಹಾರುವ ಮುನ್ನವೇ ಕಣ್ಣು ಮುಚ್ಚಿರುತ್ತಾರೆ. ಕೋವಿಗಾದರೆ ಹಿಂಬದಿಯಲ್ಲಿ ಭುಜವಿದೆ, ಎರಡು ಕೈಗಳಿವೆ. ಸ್ಪರ್ಧೆಯ ಪಿಸ್ತೂಲಿಗೆ ಇರುವುದು ಚಾಚಿದ ಒಂದೇ ತೋಳು.

ನಮ್ಮ ಮೈ ಅಪಾಯವನ್ನು ಬೇಗ ಕಲಿಯುತ್ತದೆ. ಢಂ ಎಂದು ಸದ್ದಾಗಿ ಕೈಗೆ ಒದೆ ಬೀಳುತ್ತದೆ ಎಂಬುದು ಎರಡು ಸಲ ಅನುಭವಕ್ಕೆ ಬಂದರೆ, ಮೂರನೇ ಸಲ ಒದೆತ ಬರುವ ಮುನ್ನವೇ ಕೈ ಅದನ್ನು ತಡೆಯಲು ಹೊರಡುತ್ತದೆ. ಮಣಿಕಟ್ಟು ಕೆಳಗೆ ಬಾಗುತ್ತದೆ, ಮುಷ್ಟಿ ಬಿಗಿಯುತ್ತದೆ, ರೆಪ್ಪೆ ಮುಚ್ಚುತ್ತದೆ. ಬಲಗೈಯವರ ಗುಂಡು ಗುರಿಯ ಎಡಕ್ಕೆ ಕೆಳಗೆ ಹೋಗಿ ಬೀಳುತ್ತದೆ. ಇದನ್ನು ತರಬೇತುದಾರರು ಫ್ಲಿಂಚ್ ಎನ್ನುತ್ತಾರೆ. ಇದು ಹೇಡಿತನವಲ್ಲ, ನರಗಳು ಕಲಿತ ಪಾಠ. ಆದರೆ ಒಮ್ಮೆ ಕಲಿತ ಈ ಪಾಠವನ್ನು ಮರೆಸಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಅದನ್ನು ಕಲಿಯಲು ಆಸ್ಪದವನ್ನೇ ಕೊಡದಿರುವುದು ಜಾಣತನ.

ಲೆಕ್ಕ ನೋಡಿ. ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. .22 ತೋಟಾದ ಗುಂಡು 2.6 ಗ್ರಾಂ, ಪಿಸ್ತೂಲಿನಿಂದ ಅದು ಹೊರಡುವ ಶಕ್ತಿ ನೂರು ಜೂಲ್ ಆಸುಪಾಸು, ಅಂದರೆ ಏರ್ ಪಿಸ್ತೂಲಿನ ಇಪ್ಪತ್ತು ಪಟ್ಟು. ಪೊಲೀಸರು, ಸೈನಿಕರು ಹಿಡಿಯುವ 9 ಎಂ.ಎಂ. ಪಿಸ್ತೂಲಿನದು 500 ಜೂಲ್ ಸುತ್ತಮುತ್ತ. ಕಾಗದದ ಗುರಿಗೆ ತೂತು ಬೀಳಲು ಐದು ಜೂಲ್ ಧಾರಾಳ ಸಾಕು. ಉಳಿದದ್ದೆಲ್ಲ ಕಲಿಯುವವರ ನರಗಳ ಮೇಲೆ ಬೀಳುವ ಹೊರೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿ 9 ಎಂ.ಎಂ. ಪಿಸ್ತೂಲನ್ನು ನಾಗರಿಕರೂ ಕೊಳ್ಳಬಹುದು. ನಮ್ಮಲ್ಲಿ ಅದು ನಿಷೇಧಿತ ಬೋರ್. ಅಲ್ಲಿಯೂ ಅನುಭವಿ ತರಬೇತುದಾರರು ಹೊಸಬರ ಕೈಗೆ ಮೊದಲು ಕೊಡುವುದು .22 ಪಿಸ್ತೂಲನ್ನೇ. ರೂಗರ್ ಕಂಪನಿ 1949ರಲ್ಲಿ ಹೊರತಂದ ಮೊದಲ ಸರಕೇ ಒಂದು .22 ಪಿಸ್ತೂಲು, ಅದರ ಇವತ್ತಿನ ಪೀಳಿಗೆ ಮಾರ್ಕ್ 4. ಬ್ರೌನಿಂಗ್‌ನ ಬಕ್ ಮಾರ್ಕ್ ಕೂಡ ಅದೇ ಜಾತಿಯದು. ಭಾರವಾದ ಸ್ಥಿರ ನಳಿಗೆ, ಹಗುರ ಒದೆತ, ಹೊಂದಿಸಬಹುದಾದ ಸೈಟ್, ಅಗ್ಗದ ತೋಟಾ. ದೇಶ ಬೇರೆ, ಕಾನೂನು ಬೇರೆ. ಕಾರಣ ಮಾತ್ರ ಒಂದೇ.

ಒಂದು ಮಿಲಿಮೀಟರಿನ ಪಾಠ

ಪಿಸ್ತೂಲು ಆರಿಸುವ ಮುನ್ನ ಪಿಸ್ತೂಲು ಎಲ್ಲಿ ತಪ್ಪುತ್ತದೆ ಎಂದು ತಿಳಿದಿರಬೇಕು. ಪಿಸ್ತೂಲಿನ ಮೇಲೆ ಎರಡು ಸೈಟ್‌ಗಳಿರುತ್ತವೆ: ಹಿಂದೆ ಚೌಕದ ಕಂಡಿ, ಮುಂದೆ ಚಪ್ಪಟೆ ಕಂಬ. ಕಂಬ ಕಂಡಿಯ ನಡುವೆ, ತಲೆಗೆ ತಲೆ ಸಮವಾಗಿ ಕಾಣಬೇಕು. ಏರ್ ಪಿಸ್ತೂಲಿನಲ್ಲಿ ಇವೆರಡರ ನಡುವಿನ ದೂರ ಸುಮಾರು 33 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗುರಿ ಇರುವುದು 10 ಮೀಟರ್ ದೂರದಲ್ಲಿ, ಅಂದರೆ ಅದರ ಮೂವತ್ತು ಪಟ್ಟು.

ಈಗ ಎರಡು ತಪ್ಪುಗಳನ್ನು ಹೋಲಿಸಿ. ಮೊದಲನೆಯದರಲ್ಲಿ ಸೈಟ್‌ಗಳು ಸರಿಯಾಗಿ ಕೂತಿವೆ, ಆದರೆ ಇಡೀ ಕೈ 1 ಸೆಂಟಿಮೀಟರ್ ಪಕ್ಕಕ್ಕೆ ಸರಿದಿದೆ. ಪೆಲೆಟ್ ಕೂಡ ಅಷ್ಟೇ ಸರಿಯುತ್ತದೆ. ಒಂಬತ್ತು ಅಂಕ ಸಿಗುತ್ತದೆ. ಎರಡನೆಯದರಲ್ಲಿ ಕೈ ಸರಿಯಾದ ಜಾಗದಲ್ಲೇ ಇದೆ, ಆದರೆ ಮುಂದಿನ ಕಂಬ ಕಂಡಿಯೊಳಗೆ ಬರೀ 1 ಮಿಲಿಮೀಟರ್ ವಾಲಿದೆ. ಆ ಒಂದು ಮಿಲಿಮೀಟರ್ ಗುರಿಯ ಬಳಿ ಮೂವತ್ತು ಮಿಲಿಮೀಟರ್ ಆಗುತ್ತದೆ. ಹತ್ತು ಆಗಬೇಕಿದ್ದದ್ದು ಏಳಕ್ಕೆ ಇಳಿಯುತ್ತದೆ.

ಕೈ ನಡುಗುತ್ತದೆ ಎಂದು ಅಳುಕುವ ಹೊಸಬರಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ. ಎಲ್ಲರ ಕೈಯೂ ಅಲುಗಾಡುತ್ತದೆ, ಪದಕ ಗೆದ್ದವರದೂ. ಇಡೀ ತೋಳಿನ ಸಣ್ಣ ಅಲೆತವನ್ನು ಗುರಿ ಕ್ಷಮಿಸುತ್ತದೆ. ಮಣಿಕಟ್ಟಿನ, ಬೆರಳಿನ ಅಡ್ಡ ಎಳೆತವನ್ನು ಕ್ಷಮಿಸುವುದಿಲ್ಲ. ಅದಕ್ಕೇ ತರಬೇತುದಾರರು ಗುರಿಯನ್ನು ನೋಡಬೇಡ, ಮುಂದಿನ ಸೈಟ್ ನೋಡು ಎಂದು ದಿನಕ್ಕೆ ನೂರು ಸಲ ಹೇಳುವುದು. ಪಿಸ್ತೂಲು ಆರಿಸುವಾಗ ನಳಿಗೆಯ ಜೋರಿಗಿಂತ ಹಿಡಿಕೆ ಮತ್ತು ಟ್ರಿಗರ್ ಮುಖ್ಯವಾಗುವುದೂ ಇದರಿಂದಲೇ. ಆ 1 ಮಿಲಿಮೀಟರನ್ನು ಹುಟ್ಟಿಸುವ ಜಾಗಗಳು ಇವೆರಡೇ.

ಗಾಳಿ ಎಲ್ಲಿಂದ ಬರುತ್ತದೆ

ಏರ್ ಪಿಸ್ತೂಲುಗಳಲ್ಲಿ ಪೆಲೆಟನ್ನು ತಳ್ಳುವ ಬಗೆ ನಾಲ್ಕು.

ಸ್ಪ್ರಿಂಗ್ ಪಿಸ್ತೂಲಿನಲ್ಲಿ ಒಳಗಿನ ಬಲವಾದ ಸ್ಪ್ರಿಂಗು ಕೊಂತವನ್ನು ಮುಂದಕ್ಕೆ ನೂಕಿ ಗಾಳಿಯನ್ನು ಒತ್ತುತ್ತದೆ. ಬೆಲೆ ಕಡಿಮೆ, ಸಿಲಿಂಡರಿನ ರಗಳೆ ಇಲ್ಲ. ಆದರೆ ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಭಾರದ ಕೊಂತ ಓಡಿ ನಿಲ್ಲುವುದರಿಂದ ಇಡೀ ಪಿಸ್ತೂಲು ಕುಲುಕುತ್ತದೆ. ಆ ಕುಲುಕು ಇಲ್ಲದಂತೆ ಮಾಡಿದ ಹಳೆಯ ಜರ್ಮನ್ ಮಾದರಿಗಳು ಇವೆ. ಅಗ್ಗದವುಗಳಲ್ಲಿ ಅಂಥ ವ್ಯವಸ್ಥೆ ಇರುವುದಿಲ್ಲ. ಇದು ಡೊಂಕು ನೆಲದ ಒಳ್ಳೆಯ ಉದಾಹರಣೆ: ತಪ್ಪಿದ್ದು ನಾನೋ ಸ್ಪ್ರಿಂಗೋ ಎಂಬ ಅನುಮಾನ ಪ್ರತಿ ಹೊಡೆತಕ್ಕೂ ಉಳಿಯುತ್ತದೆ.

ಎರಡನೆಯದು ಒಂದೇ ಎಳೆತದ ಪಂಪ್. ಪ್ರತಿ ಹೊಡೆತಕ್ಕೂ ಉದ್ದದ ಸನ್ನೆಯನ್ನು ಒಮ್ಮೆ ಎಳೆದು ಮುಚ್ಚಿದರೆ ಆ ಒಂದು ಹೊಡೆತಕ್ಕೆ ಬೇಕಾದ ಗಾಳಿ ತುಂಬುತ್ತದೆ. ಕುಲುಕಿಲ್ಲ, ಹೊರಗಿನ ಗಾಳಿಯ ಹಂಗಿಲ್ಲ. ರಷ್ಯಾದ ಬೈಕಾಲ್ 46 ಈ ಬಗೆಯದು. ಲೋಕದ ಎಷ್ಟೋ ಕ್ಲಬ್ಬುಗಳಲ್ಲಿ ಹೊಸಬರು ಅದರಲ್ಲೇ ಅಕ್ಷರಾಭ್ಯಾಸ ಮಾಡಿದ್ದಾರೆ. ಸುಸ್ಥಿತಿಯ ಹಳೆಯದು ಸಿಕ್ಕರೆ ಬಿಡುವಂಥದ್ದಲ್ಲ. ಕೊರತೆಯೆಂದರೆ, ಅರವತ್ತು ಸಲ ಸನ್ನೆ ಎಳೆದ ತೋಳೇ ಅರವತ್ತು ಸಲ ಸ್ಥಿರವಾಗಿ ನಿಲ್ಲಬೇಕು. ಹನ್ನೆರಡು–ಹದಿಮೂರರ ಮಕ್ಕಳಿಗೆ ಅದು ಕಷ್ಟ.

ಮೂರನೆಯದು ಕಾರ್ಬನ್ ಡೈಆಕ್ಸೈಡ್ ಅನಿಲದ್ದು. ಈ ಅನಿಲದ ಒತ್ತಡ ಬಿಸಿಲಿನೊಡನೆ ಏರುತ್ತದೆ, ಚಳಿಯೊಡನೆ ಇಳಿಯುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಸೈಟ್ ಹೊಂದಿಸಿದ ಪಿಸ್ತೂಲು ಮಡಿಕೇರಿಯ ಡಿಸೆಂಬರಿನಲ್ಲಿ ಬೇರೆ ಕಡೆ ಹೊಡೆದರೆ ಆಶ್ಚರ್ಯವಿಲ್ಲ. ಸ್ಪರ್ಧೆಯ ಲೋಕ ಇದನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ ನಿಜವಾದ ಪೊಲೀಸ್ ಪಿಸ್ತೂಲಿನ ತದ್ರೂಪುಗಳು. ಅವುಗಳ ನಳಿಗೆ ನಿಖರವಲ್ಲ, ಟ್ರಿಗರ್ ಒರಟು. ಎಲ್ಲಕ್ಕಿಂತ ಮುಖ್ಯವಾಗಿ, ಬೀದಿಯಲ್ಲಿ ಅದನ್ನು ಕಂಡವರಿಗೆ ಅದು ಆಟದ್ದೆಂದು ತಿಳಿಯುವುದಿಲ್ಲ. ಕಲಿಯುವವರ ಮನೆಗೆ ಅದು ಬೇಡವೇ ಬೇಡ.

ನಾಲ್ಕನೆಯದೇ ಇವತ್ತಿನ ಸ್ಪರ್ಧೆಯ ಪಿಸ್ತೂಲು: ಮೊದಲೇ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಉಳ್ಳದ್ದು, ರೇಂಜಿನ ಮಾತಿನಲ್ಲಿ ಪಿಸಿಪಿ. ಆಸ್ಟ್ರಿಯಾದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವೆರ್ಕ್‌ಬೌ, ಇಟಲಿಯ ಪಾರ್ದಿನಿ ಇದರ ಹೆಸರಾಂತ ತಯಾರಕರು. ಕುಲುಕು ಇಲ್ಲವೆನ್ನುವಷ್ಟು ಕಡಿಮೆ, ಪ್ರತಿ ಹೊಡೆತಕ್ಕೂ ಅದೇ ಒತ್ತಡ, ಎಳೆಯುವ ಶ್ರಮವಿಲ್ಲ. ಹೊಸದರ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ ಎಂದರೆ ಅಂದಾಜು ಸಿಕ್ಕೀತು. ಹಾಗಾಗಿ ಸಿಲಿಂಡರಿನ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ ಅದನ್ನು ಬಳಸುವಂತಿಲ್ಲ. ಸ್ಪರ್ಧೆಗಳಲ್ಲೂ ಅದು ಅವಧಿಯೊಳಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಆಟಗಾರರದೇ. ಕರಾವಳಿಯವರು ಇನ್ನೊಂದು ಎಚ್ಚರ ವಹಿಸಬೇಕು. ಕೈಪಂಪಿನಲ್ಲಿ ತುಂಬಿದ ಗಾಳಿಯ ತೇವ ಒಳಗೆ ಉಳಿದು ಸೀಲುಗಳನ್ನು ಕೆಡಿಸುತ್ತದೆ. ಒಣಗಾಳಿ ತುಂಬುವ ಏರ್ಪಾಡು ಊರಿನಲ್ಲಿ ಇದೆಯೇ ಎಂದು ಪಿಸ್ತೂಲು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಕೈ ಒಪ್ಪಬೇಕು, ಬೆರಳು ಒಪ್ಪಬೇಕು

ಬ್ರ್ಯಾಂಡಿನ ವಾದವನ್ನು ಇಲ್ಲಿಗೆ ಬಿಡೋಣ. ಮೇಲೆ ಹೇಳಿದ ಐದು ಕಂಪನಿಗಳ ಯಾವ ಪಿಸ್ತೂಲನ್ನಾದರೂ ಸ್ಟ್ಯಾಂಡಿಗೆ ಬಿಗಿದು ಹೊಡೆದರೆ ಪೆಲೆಟ್‌ಗಳು ಒಂದೇ ತೂತಿನಲ್ಲಿ ಹೋಗುತ್ತವೆ. ಹೊಸಬರ ಕೈಯಲ್ಲಿ ಅವುಗಳ ನಡುವಿನ ವ್ಯತ್ಯಾಸ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಕಾಣುವುದು ಹಿಡಿಕೆಯ ವ್ಯತ್ಯಾಸ.

ಹಿಡಿಕೆ ಸಣ್ಣ, ನಡು, ದೊಡ್ಡ ಅಳತೆಗಳಲ್ಲಿ ಬರುತ್ತದೆ. ಬಲಗೈಗೆ ಬೇರೆ, ಎಡಗೈಗೆ ಬೇರೆ. ಎರಡೂ ಕೈಗೆ ಆಗುತ್ತದೆ ಎಂದು ಮಾರುವ ಹಿಡಿಕೆ ಯಾವ ಕೈಗೂ ಪೂರ್ತಿ ಆಗುವುದಿಲ್ಲ. ಪರೀಕ್ಷೆ ಸುಲಭ. ತೋಟಾ–ಪೆಲೆಟ್ ಇಲ್ಲದ ಪಿಸ್ತೂಲನ್ನು ಹಿಡಿದು, ಸುರಕ್ಷಿತ ದಿಕ್ಕಿಗೆ ಮೂತಿಯಿಟ್ಟು, ಕಣ್ಣು ಮುಚ್ಚಿ ತೋಳು ಎತ್ತಿ. ಒಂದೆರಡು ಉಸಿರಾದ ಮೇಲೆ ಕಣ್ಣು ತೆರೆಯಿರಿ. ಕಂಬ ಕಂಡಿಯ ನಡುವೆ ಕೂತಿದ್ದರೆ ಹಿಡಿಕೆ ನಿಮ್ಮದು. ಪ್ರತಿ ಸಲವೂ ಒಂದೇ ಕಡೆ ವಾಲಿದ್ದರೆ, ಅದನ್ನು ಸರಿಮಾಡಲು ಮಣಿಕಟ್ಟು ತಿರುಚಬೇಕಾಗುತ್ತದೆ. ತಿರುಚಿದ ಮಣಿಕಟ್ಟು ಟ್ರಿಗರ್ ಒತ್ತುವ ಗಳಿಗೆಯಲ್ಲಿ ತನ್ನ ಜಾಗಕ್ಕೆ ಮರಳುತ್ತದೆ. ಮರದ ಹಿಡಿಕೆಯನ್ನು ಅರದಿಂದ ಉಜ್ಜಿ, ಬೇಕಾದಲ್ಲಿ ಮರದ ಪುಟ್ಟಿ ಮೆತ್ತಿ ಕೈಗೆ ಹೊಂದಿಸಿಕೊಳ್ಳುವುದು ಈ ಆಟದ ಹಳೆಯ ರೂಢಿ. ಮಣಿಕಟ್ಟಿಗೆ ಆಸರೆಯಾಗುವಂತೆ ಮಾತ್ರ ಬೆಳೆಸುವಂತಿಲ್ಲ.

ಕಣ್ಣನ್ನೂ ಮೊದಲೇ ನೋಡಿಕೊಳ್ಳಬೇಕು. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಅದರ ಮೂಲಕ ದೂರದ ಗಡಿಯಾರ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಗಡಿಯಾರ ಕಾಣುತ್ತಲೇ ಇರುತ್ತದೋ ಅದು ನಿಮ್ಮ ಗುರಿಯ ಕಣ್ಣು. ಕೈ ಬಲ, ಕಣ್ಣು ಎಡ ಆಗಿರುವವರು ಸಾಕಷ್ಟಿದ್ದಾರೆ. ಹಾಗಿದ್ದರೆ ಆಟ ಕೈಬಿಡಬೇಕಿಲ್ಲ, ಯಾವ ಕೈಯ ಹಿಡಿಕೆ ಕೊಳ್ಳಬೇಕೆಂದು ತರಬೇತುದಾರರೊಡನೆ ಕೂತು ತೀರ್ಮಾನಿಸಬೇಕು, ಅಷ್ಟೇ.

ಇನ್ನು ಟ್ರಿಗರ್. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು. ಸ್ಪರ್ಧೆಗೆ ಮುನ್ನ ತೂಕದ ಕಲ್ಲು ತೂಗುಹಾಕಿ ಪರೀಕ್ಷಿಸುತ್ತಾರೆ. ಪಿಸ್ತೂಲಿನ ತೂಕ 1,500 ಗ್ರಾಂ ಮೀರಬಾರದು, 420 x 200 x 50 ಮಿ.ಮೀ. ಪೆಟ್ಟಿಗೆಯೊಳಗೆ ಅದು ಹಿಡಿಯಬೇಕು. ಒಳ್ಳೆಯ ಟ್ರಿಗರಿಗೆ ಎರಡು ಹಂತಗಳಿರುತ್ತವೆ: ಮೊದಲು ಸಲೀಸಾದ ಸಡಿಲ, ಆಮೇಲೆ ಒಂದು ಸ್ಪಷ್ಟ ತಡೆ. ಆ ತಡೆಯ ಮೇಲೆ ಒತ್ತಡ ಏರುತ್ತ ಹೋದಂತೆ ಯಾವ ಎಳೆದಾಟವೂ ಇಲ್ಲದೆ ಅದು ಕಳಚಿಕೊಳ್ಳಬೇಕು. ಮರಳಿನಲ್ಲಿ ಎಳೆದಂತೆ ಗರಗರ ಎಂದರೆ ಆ ಪಿಸ್ತೂಲು ಎಷ್ಟೇ ಅಗ್ಗವಾದರೂ ದುಬಾರಿ.

ಎಲೆಕ್ಟ್ರಾನಿಕ್ ಟ್ರಿಗರೋ ಮೆಕ್ಯಾನಿಕಲ್ ಟ್ರಿಗರೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಎಲೆಕ್ಟ್ರಾನಿಕ್‌ನದು ಗಾಜು ಮುರಿದಷ್ಟು ನಯ, ಆದರೆ ಬ್ಯಾಟರಿ ಮತ್ತು ಸರ್ಕಿಟ್ಟಿನ ಹಂಗು ಇದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ರಿಪೇರಿಗೆ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿ 12ನೆಯವರಾಗಿ ಅವರು ಫೈನಲ್ ತಪ್ಪಿಸಿಕೊಂಡರು. ಯಾವ ಯಂತ್ರವೂ ಕೆಡಬಹುದು. ಹಾಗಾಗಿ ನಾನು ಕೊಡುವ ಸಲಹೆ ಸರಳ: ನಿಮ್ಮ ಊರಿನಲ್ಲಿ, ಹೆಚ್ಚೆಂದರೆ ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿ, ಯಾವ ಪಿಸ್ತೂಲನ್ನು ಬಿಚ್ಚಿ ಸರಿಮಾಡಬಲ್ಲವರು ಇದ್ದಾರೋ, ಯಾವುದರ ಸೀಲು, ಸ್ಪ್ರಿಂಗು ಸಿಗುತ್ತವೋ ಅದನ್ನೇ ಕೊಳ್ಳಿ.

ತೂಕದ ವಿಷಯದಲ್ಲಿ ಮಕ್ಕಳಿಗೆ ದೊಡ್ಡವರ ಅಳತೆ ಹೇರಬಾರದು. ಪೂರ್ಣ ಗಾತ್ರದ ಪಿಸ್ತೂಲು ಒಂದು ಕಿಲೋ ಆಸುಪಾಸು. ಅವೇ ಕಂಪನಿಗಳು ಕಿರಿಯರಿಗೆಂದು ಗಿಡ್ಡ ನಳಿಗೆಯ, ಹಗುರ ಮಾದರಿಗಳನ್ನೂ ಮಾಡುತ್ತವೆ. ‘ಬೆಳೆಯುವ ಮಗು, ದೊಡ್ಡದನ್ನೇ ತಗೊಳ್ಳೋಣ’ ಎಂಬ ಶಾಲೆಯ ಯೂನಿಫಾರ್ಮಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭಾರ ತಾಳಲಾರದ ಮಗು ಸೊಂಟ ಹಿಂದಕ್ಕೆ ಬಾಗಿಸಿ ನಿಲ್ಲಲು ಕಲಿಯುತ್ತದೆ. ಆ ನಿಲುವು ಬೆನ್ನಿಗೂ ಕೆಟ್ಟದ್ದು, ಅಂಕಕ್ಕೂ ಕೆಟ್ಟದ್ದು.

.22 ಯಾವಾಗ?

ಏರ್ ಪಿಸ್ತೂಲಿನಲ್ಲಿ ಕೈ ಕುದುರಿದ ಮೇಲಿನ ಮೆಟ್ಟಿಲು .22 ಪಿಸ್ತೂಲು. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ರೂಪಿಸಿದ .22 ಲಾಂಗ್ ರೈಫಲ್ ತೋಟಾ ಇವತ್ತಿಗೂ ಅದೇ ಹೆಸರಿನಲ್ಲಿ ನಡೆದುಬಂದಿದೆ. ಮಹಿಳೆಯರ 25 ಮೀಟರ್ ಪಿಸ್ತೂಲ್, ಪುರುಷರ 25 ಮೀಟರ್ ರ್‍ಯಾಪಿಡ್ ಫೈರ್ ಎರಡಕ್ಕೂ ಇದೇ ತೋಟಾ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ರ್‍ಯಾಪಿಡ್ ಫೈರ್‌ನಲ್ಲಿ. ಇಲ್ಲಿ ಪಿಸ್ತೂಲಿನ ತೂಕಕ್ಕೆ 1,400 ಗ್ರಾಂ ಮಿತಿ. 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ಟ್ರಿಗರ್ ಕನಿಷ್ಠ 1,000 ಗ್ರಾಂ. ಆ ಸ್ಪರ್ಧೆಯ ವೇಗದ ಸುತ್ತಿನಲ್ಲಿ ಗುರಿ ಮೂರು ಸೆಕೆಂಡ್ ಮಾತ್ರ ತೆರೆದಿರುತ್ತದೆ; ಅಷ್ಟರಲ್ಲಿ ಕೆಳಗಿಳಿಸಿದ ಕೈ ಮೇಲೆದ್ದು ಒಂದು ಗುಂಡು ಹೊಡೆಯಬೇಕು.

ಈ ಹಂತದಲ್ಲಿ ಸ್ವಂತ ಪಿಸ್ತೂಲಿನ ಆತುರ ಬೇಡ. ಲೈಸೆನ್ಸ್ ಬೇಕು, ತೋಟಾಗಳ ಲೆಕ್ಕ ಇಡಬೇಕು, ಮನೆಯಲ್ಲಿ ಬೀಗದ ಪೆಟ್ಟಿಗೆ ಬೇಕು. ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿತು ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗಳಲ್ಲಿ ಅರ್ಹತೆಯ ಅಂಕ ಗಳಿಸಿದ ಮೇಲೆ, 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆಯ ದಾರಿಯಲ್ಲೇ ಮುಂದುವರಿಯುವುದು ಕ್ಷೇಮ. ತಾಂತ್ರಿಕ ವಿಷಯವೊಂದನ್ನೂ ತಿಳಿದಿರಬೇಕು. .22 ತೋಟಾದಲ್ಲಿ ಕಿಡಿಮದ್ದು ಅದರ ಬುಡದ ಅಂಚಿನೊಳಗೆ ಇರುತ್ತದೆ. ಪಿಸ್ತೂಲಿನ ಮೊಳೆ ಬಡಿಯುವುದು ಆ ಅಂಚಿಗೆ. ತೋಟಾ ಇಲ್ಲದೆ ಟ್ರಿಗರ್ ಎಳೆದರೆ ಎಷ್ಟೋ ಪಿಸ್ತೂಲುಗಳಲ್ಲಿ ಮೊಳೆ ನೇರ ನಳಿಗೆಯ ಬುಡಕ್ಕೇ ಬಡಿದು ಅದನ್ನು ಜಜ್ಜುತ್ತದೆ. ಹಾಗಾಗಿ ಖಾಲಿ ಅಭ್ಯಾಸಕ್ಕೆ ಅದಕ್ಕೆಂದೇ ಮಾಡಿದ ಡಮ್ಮಿ ತೋಟಾ ಬೇಕು.

ಏರ್ ಪಿಸ್ತೂಲಿನ ಅತಿ ದೊಡ್ಡ ಉಪಕಾರ ಕಾಣುವುದು ಇಲ್ಲೇ. ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಪೆಲೆಟ್ಟೂ ಇಲ್ಲದೆ, ಗಾಳಿಯೂ ಖರ್ಚಾಗದೆ ಟ್ರಿಗರ್ ಮಾತ್ರ ಕಳಚುವ ಏರ್ಪಾಡು ಇರುತ್ತದೆ. ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ. ಬಿಳಿ ಗೋಡೆಯೆದುರು ನಿಂತು, ಗುರಿಯಿಲ್ಲದೆ, ಕಂಬ–ಕಂಡಿಯನ್ನಷ್ಟೇ ನೋಡುತ್ತ ಟ್ರಿಗರ್ ಒತ್ತಬೇಕು. ಕಳಚಿದ ಗಳಿಗೆಯಲ್ಲಿ ಕಂಬ ಅಲುಗಿತೇ? ಅಲುಗಿದರೆ ಅದು ನಿಮ್ಮ ಬೆರಳು. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ಪೈಸೆ ಖರ್ಚಿಲ್ಲ. ಸಂಗೀತಗಾರರಿಗೆ ಶ್ರುತಿ ಇದ್ದಂತೆ ಇದು.

ಎಚ್ಚರ ಮೊದಲು, ಅಂಕ ಆಮೇಲೆ

ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಏರ್ ಪಿಸ್ತೂಲು ಆಟಿಕೆಯಲ್ಲ. ಅದರ ಪೆಲೆಟ್ ಕಣ್ಣು ಕಳೆಯಬಲ್ಲದು. .22 ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ದೂರದವರೆಗೂ ಹೋಗಬಲ್ಲದು. ಮೂತಿ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಹೊಡೆಯಲು ಮನಸ್ಸು ಮಾಡುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಖಾಲಿ ಎಂದು ಗೊತ್ತಿದ್ದರೂ ತೆರೆದು ನೋಡಿಯೇ ಕೈಗೆ ತೆಗೆದುಕೊಳ್ಳಬೇಕು. ಕೆಳಗಿಡುವಾಗ ನಳಿಗೆಯೊಳಗೆ ಬಣ್ಣದ ಸುರಕ್ಷತಾ ದಾರ ತೂರಿಸಿಡಬೇಕು, ದೂರದಿಂದ ನೋಡಿದವರಿಗೂ ಅದು ಖಾಲಿ ಎಂದು ತಿಳಿಯುವಂತೆ. ಕಣ್ಣಿಗೆ ಕನ್ನಡಕ ಯಾವಾಗಲೂ ಇರಲಿ; .22 ಹೊಡೆಯುವಲ್ಲಿ ಕಿವಿಗೂ ರಕ್ಷಣೆ ಇರಲೇಬೇಕು. ಪೆಲೆಟ್ಟೂ ಗುಂಡೂ ಸೀಸದವು. ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಮನೆಯಲ್ಲಿ ಪಿಸ್ತೂಲು ಒಂದು ಬೀಗದೊಳಗೆ, ಪೆಲೆಟ್ ಇನ್ನೊಂದು ಬೀಗದೊಳಗೆ ಇರಲಿ. ಈ ಶಿಸ್ತು ರೂಢಿಯಾಗದ ಮಗುವಿಗೆ ಪಿಸ್ತೂಲು ಕೊಡಿಸುವುದು ಪ್ರೀತಿಯಲ್ಲ.

ದುಡ್ಡನ್ನು ಯಾವ ಸಾಲಿನಲ್ಲಿ ಖರ್ಚು ಮಾಡಬೇಕು

ಜುಟ್ಟಿಗೆ ಮಲ್ಲಿಗೆ ಮುಡಿಸುವ ಮೊದಲು ಹೊಟ್ಟೆಗೆ ಹಿಟ್ಟು ನೋಡಬೇಕು. ಮೊದಲ ಖರ್ಚು ತರಬೇತಿಗೆ. ಎರಡನೆಯದು ಪೆಲೆಟ್‌ಗೆ: ದಿನಕ್ಕೆ ಎಂಬತ್ತು ಹೊಡೆದರೆ 500ರ ಡಬ್ಬಿ ಒಂದು ವಾರ ಬರುವುದಿಲ್ಲ. ಸ್ಪರ್ಧೆಯ ಪೆಲೆಟ್‌ನ ಮೂತಿ ಚಪ್ಪಟೆ. ಅದು ಕಾಗದದಲ್ಲಿ ದುಂಡನೆಯ ತೂತು ಕೊರೆಯುತ್ತದೆ, ಅಂಕ ಓದಲು ಗೊಂದಲವಿರುವುದಿಲ್ಲ. ಮೂರನೆಯದು ಒಳ್ಳೆಯ ಚಪ್ಪಟೆ ಅಡಿಯ ಶೂ. ಕ್ಲಬ್ಬಿನ ಪಿಸ್ತೂಲಿಗೆ ಹಾಕಿಕೊಳ್ಳಲು ನಿಮ್ಮ ಅಳತೆಯ ಹಿಡಿಕೆ ಸಿಕ್ಕರೆ ನಾಲ್ಕನೆಯ ಖರ್ಚು ಅದಕ್ಕೆ. ಇವೆಲ್ಲ ಆದಮೇಲೆ ಪಿಸ್ತೂಲು. ಹಳೆಯದು ಕೊಳ್ಳುವುದರಲ್ಲಿ ಅವಮಾನವಿಲ್ಲ. ಸಿಲಿಂಡರಿನ ಅವಧಿ, ರಾತ್ರಿಯಿಡೀ ಇಟ್ಟರೆ ಒತ್ತಡ ಇಳಿಯುತ್ತದೆಯೇ ಎಂಬುದು, ಟ್ರಿಗರಿನ ಸ್ಪಷ್ಟತೆ, ಕ್ರಮಸಂಖ್ಯೆಗೆ ಹೊಂದುವ ಕಾಗದಪತ್ರ, ಈ ನಾಲ್ಕನ್ನು ಪರೀಕ್ಷಿಸಿದರೆ ಸಾಕು. ಹತ್ತು ವರ್ಷ ಹಳೆಯ ಒಳ್ಳೆಯ ಪಿಸ್ತೂಲು ಹೊಸಬರಿಗಿಂತ ಚೆನ್ನಾಗಿಯೇ ಹೊಡೆಯುತ್ತದೆ.

ಹಾಗಾದರೆ ಸ್ವಂತದ್ದನ್ನು ಕೊಳ್ಳುವ ದಿನ ಬಂತೆಂದು ತಿಳಿಯುವುದು ಹೇಗೆ? ಒಳ್ಳೆಯ ತರಬೇತುದಾರರು ಗುಂಡು ಹೊರಟ ಕೂಡಲೇ, ಅಂಕ ತೋರಿಸುವ ಪರದೆ ನೋಡಲು ಬಿಡದೆ, ಒಂದು ಪ್ರಶ್ನೆ ಕೇಳುತ್ತಾರೆ: ‘ಎಲ್ಲಿ ಹೋಯ್ತು?’ ಮೊದಮೊದಲು ಮಗುವಿಗೆ ಗೊತ್ತಿರುವುದಿಲ್ಲ, ಭುಜ ಕುಣಿಸುತ್ತದೆ. ತಿಂಗಳುಗಳು ಕಳೆದಂತೆ ಉತ್ತರ ಬರತೊಡಗುತ್ತದೆ: ‘ಎಂಟು, ಎಡಕ್ಕೆ, ಬೆರಳು ಎಳೆದೆ.’ ಪರದೆ ನೋಡಿದರೆ ಎಂಟು, ಎಡಕ್ಕೆ. ಯಂತ್ರ ಹೇಳುವ ಮುನ್ನವೇ ಮಗು ತನ್ನ ತಪ್ಪನ್ನು ತಾನೇ ಹೇಳಿದೆ, ನೆಪ ಹೇಳಿಲ್ಲ. ಹತ್ತು ಹೊಡೆತದಲ್ಲಿ ಏಳೆಂಟಕ್ಕೆ ಹೀಗೆ ಉತ್ತರ ಸರಿಹೋಗುವ ದಿನ ನೀವು ಅಂಗಡಿಯವರೊಡನೆ ಮಾತಾಡಬಹುದು. ಅಷ್ಟರಲ್ಲಿ ಯಾವ ಪಿಸ್ತೂಲು ಬೇಕೆಂದು ಆ ಮಗುವಿನ ಕೈಗೇ ಗೊತ್ತಿರುತ್ತದೆ.